ನಮ್ಮೂರಿನ ಹೆಸರು ಕೇಳಿದ್ದು ಯೊಕೊಹಾಮಾದಲ್ಲಿ

ಯೊಕೊಹಾಮಾಕ್ಕೆ ಬಂದು 11 ವರ್ಷ ಆಯ್ತು. ಹುಟ್ಟಿ ಬೆಳೆದದ್ದು ಬೆಂಗಳೂರಿನ ಚಾಮರಾಜಪೇಟೆ. ರಾಮನವಮಿ ಬಂತೆಂದರೆ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಕಚೇರಿ, ಪಾನಕ, ಕೋಸಂಬರಿ, ನಿದ್ದೆ ಬಂದರೆ ಅಜ್ಜಿಯ ತೊಡೆ. ಹೀಗೆ ಬೆಳೆದವನಿಗೆ ಕಾಲೇಜಿನಲ್ಲಿ ಜಾಝ್ ಹುಚ್ಚು ಹಿಡಿಯಿತು. ಅದು ಇನ್ನೂ ಬಿಟ್ಟಿಲ್ಲ.

ಇಲ್ಲಿ ನಮ್ಮ ಸ್ಟೇಷನ್ನಿನ ಹಿಂದೆ ಒಂದು ಸಣ್ಣ ಕಾಫಿ ಅಂಗಡಿ ಇದೆ. ಇಂಥವಕ್ಕೆ ಜಪಾನಿನಲ್ಲಿ ಜಾಝ್ ಕಿಸ್ಸಾ ಅಂತಾರೆ. ಒಂಬತ್ತು ಕುರ್ಚಿ, ಎರಡು ದೊಡ್ಡ ಸ್ಪೀಕರು, ಗೋಡೆ ತುಂಬ ಎಲ್‌ಪಿ. ಯಜಮಾನರಿಗೆ ಎಪ್ಪತ್ತು ದಾಟಿದೆ. ರೆಕಾರ್ಡು ತಿರುಗುತ್ತಿರುವಾಗ ಮಾತಾಡುವ ಹಾಗಿಲ್ಲ. ನಾನು ಹೋಗಲು ಶುರು ಮಾಡಿ ಎರಡು ವರ್ಷ ಆಗುವವರೆಗೆ ಅವರು ನನ್ನ ಜೊತೆ 'ಕಾಫಿಯಾ?' ಅನ್ನುವುದು ಬಿಟ್ಟು ಬೇರೆ ಮಾತೇ ಆಡಿರಲಿಲ್ಲ. ಒಂದು ದಿನ ಜೂನ್ ತಿಂಗಳ ಜಿಟಿಜಿಟಿ ಮಳೆ, ಅಂಗಡಿಯಲ್ಲಿ ನಾನೊಬ್ಬನೇ. ಇಂಡಿಯಾದಲ್ಲಿ ಯಾವ ಊರು ಅಂತ ಕೇಳಿದರು. ಬೆಂಗಳೂರು ಅಂದೆ. ತಲೆಯಾಡಿಸಿ ಒಳಗೆ ಹೋದವರು ಐದು ನಿಮಿಷ ಬಿಟ್ಟು ಒಂದು ಎಲ್‌ಪಿ ತಂದು ಮುಂದೆ ಇಟ್ಟರು. ಹೆಸರು 'ಜ್ಯೋತಿ'. ನುಡಿಸಿದವರು ಚಾರ್ಲಿ ಮರಿಯಾನೊ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್.

ಕರ್ನಾಟಕ ಅನ್ನುವ ಪದವನ್ನು ಜರ್ಮನಿಯ ಇಸಿಎಂ ಕಂಪನಿಯ ರೆಕಾರ್ಡಿನ ಮೇಲೆ, ಜಪಾನಿನ ಕಾಫಿ ಅಂಗಡಿಯಲ್ಲಿ ಕೂತು ಓದಿದಾಗ ಮೈ ಜುಮ್ ಅಂತು. ಮರುಕ್ಷಣವೇ ನಾಚಿಕೆಯೂ ಆಯ್ತು. 1983ರ ರೆಕಾರ್ಡು ಅದು. ಸ್ಯಾಕ್ಸೋಫೋನ್ ನುಡಿಸುವ ಮರಿಯಾನೊ ಅಮೆರಿಕದ ಬಾಸ್ಟನ್‌ನವರು. ಉಳಿದದ್ದೆಲ್ಲ ನಮ್ಮೂರಿನ ತಂಡ: ಮೃದಂಗಕ್ಕೆ ಟಿ.ಎ.ಎಸ್. ಮಣಿ, ಹಾಡುವುದು ಆರ್.ಎ. ರಮಾಮಣಿ, ಜೊತೆಗೆ ಘಟ, ಖಂಜಿರ, ಬಾಯಲ್ಲೇ ತಾಳದ ಸೊಲ್ಲು ಹೇಳುವ ಕೊನ್ನಕೋಲು. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಶಾಲೆ ಇದು. ಜರ್ಮನಿಯ ಎಂಬ್ರಿಯೊ, ಡಿಸ್ಸಿಡೆಂಟನ್ ಥರದ ತಂಡಗಳೂ ಇವರ ಜೊತೆ ನುಡಿಸಿವೆ. ನಾನು ಅದೇ ಊರಲ್ಲಿ ಇಪ್ಪತ್ತೆಂಟು ವರ್ಷ ಇದ್ದೆ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಇದ್ದವರ ವಿಷಯ ನನಗೆ ಹೇಳುವುದಕ್ಕೆ ಯೊಕೊಹಾಮಾದ ಮುದುಕರೊಬ್ಬರು ಬೇಕಾಯ್ತು.

ಅವತ್ತಿನಿಂದ ಎರಡೂ ಊರಿನ ಜಾಝ್ ಹುಚ್ಚರನ್ನು ಹೋಲಿಸಿ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಇಲ್ಲಿಯವರಿಗೆ ಎಲ್ಲದಕ್ಕೂ ಕಾಗದ ಬೇಕು. ಒಂದು ಸಲ ನಾನು ದೊಡ್ಡ ಪಂಡಿತನ ಹಾಗೆ ಒಂದು ಮಾತು ಹೇಳಿ ಸಿಕ್ಕಿಬಿದ್ದೆ. ಸ್ಯಾಕ್ಸೋಫೋನ್ ವಾದಕ ಹೆರಾಲ್ಡ್ ಲ್ಯಾಂಡ್‌ನ 'ದಿ ಫಾಕ್ಸ್' ಅಂತ 1959ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಆದ ರೆಕಾರ್ಡಿಂಗ್ ಇದೆ. ಅದು ಮುಗಿದ ಮೇಲೆ ಪಕ್ಕದವರಿಗೆ, ಟ್ರಂಪೆಟ್ ಕಾರ್ಮೆಲ್ ಜೋನ್ಸ್ ಅಲ್ವಾ ಅಂದೆ. ಕೇಳಿಸಿಕೊಂಡ ಯಜಮಾನರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಕೈ ಒರೆಸಿಕೊಂಡು ಬಂದು ಕವರನ್ನು ನನ್ನ ಕಾಫಿ ಲೋಟದ ಪಕ್ಕ ಇಟ್ಟು, ಹೆಸರಿನ ಸಾಲಿನ ಕೆಳಗೆ ಒಂದು ಬೆರಳು ಇಟ್ಟರು. ಡುಪ್ರೀ ಬೋಲ್ಟನ್. ಅಷ್ಟೇ. ವಾಪಸ್ ಹೋಗಿ ಲೋಟ ತೊಳೆಯತೊಡಗಿದರು. ಜೋನ್ಸ್ ಲ್ಯಾಂಡ್ ಜೊತೆ ನುಡಿಸಿದ್ದು ಬೇರೆ ರೆಕಾರ್ಡಿನಲ್ಲಿ, 1961ರಲ್ಲಿ. ಬೋಲ್ಟನ್ ಕಥೆಯೇ ಬೇರೆ. ಬೆಂಕಿ ಹಾಗೆ ನುಡಿಸುತ್ತಿದ್ದ ಮನುಷ್ಯ, ಆಯುಷ್ಯದ ಎಷ್ಟೋ ವರ್ಷ ಜೈಲಿನಲ್ಲಿ ಕಳೆದ. ಜನ ಅವನನ್ನು ನೆನೆಯುವುದು ಮುಖ್ಯವಾಗಿ ಎರಡು ರೆಕಾರ್ಡುಗಳಿಂದ. ಇದು ಒಂದು, 1963ರಲ್ಲಿ ಕರ್ಟಿಸ್ ಏಮಿ ಜೊತೆ ಮಾಡಿದ್ದು ಇನ್ನೊಂದು. ಇದನ್ನೆಲ್ಲ ಯಜಮಾನರು ಹೇಳಲಿಲ್ಲ, ನಾನೇ ಮನೆಗೆ ಹೋಗಿ ಓದಿಕೊಂಡೆ. ಅವರ ಪಾಠ ಆ ಬೆರಳಿನಲ್ಲೇ ಮುಗಿದಿತ್ತು.

ಇದಕ್ಕೆ ಕಾರಣವೂ ಇದೆ. ಯುದ್ಧ ಮುಗಿದ ಮೇಲೆ ಇಲ್ಲಿ ಹೊರದೇಶದ ಎಲ್‌ಪಿ ಕೊಳ್ಳುವುದು ಸಂಬಳದವರ ಕೈಗೆ ಎಟುಕುವ ಮಾತಾಗಿರಲಿಲ್ಲ. ಒಂದು ಕಾಫಿ ದುಡ್ಡಿಗೆ ಗಂಟೆಗಟ್ಟಲೆ ಕೇಳಬಹುದಾದ ಜಾಗ ಅಂದರೆ ಕಿಸ್ಸಾ. ಯೊಕೊಹಾಮಾದ ನೋಗೆ ಬಡಾವಣೆಯಲ್ಲಿ 1933ರಲ್ಲಿ ಶುರುವಾದ ಚಿಗುಸಾ ಅನ್ನುವ ಅಂಗಡಿ ಹೆಸರುವಾಸಿ. ಜಪಾನಿನ ಹೆಸರಾಂತ ಜಾಝ್ ವಾದಕರಾದ ತೊಶಿಕೊ ಅಕಿಯೊಶಿ, ಸದಾವೊ ವತಾನಬೆ ಚಿಕ್ಕ ವಯಸ್ಸಿನಲ್ಲಿ ಅಲ್ಲಿ ಕೂತು ರೆಕಾರ್ಡು ಕೇಳಿ ಕೇಳಿಯೇ ಕಲಿತವರು. ಗುರು ಅಂದರೆ ರೆಕಾರ್ಡು, ಪಠ್ಯ ಅಂದರೆ ಅದರ ಕವರು. ಹಾಗಾಗಿ ಕವರಿನ ಪ್ರತಿ ಅಕ್ಷರಕ್ಕೂ ಬೆಲೆ.

ಆದರೆ ಈ ಕಾಗದದ ಭಕ್ತಿ ಅತಿಯಾದಾಗ ನನಗೆ ತಲೆನೋವು ಬರುತ್ತದೆ. ಅಮೆರಿಕದ ಬ್ಲೂ ನೋಟ್ ಕಂಪನಿಯ ಹಳೇ ಎಲ್‌ಪಿ ಕೈಗೆ ಸಿಕ್ಕರೆ ಇಲ್ಲಿಯ ಕೆಲವರು ಮೊದಲು ನೋಡುವುದು ಲೇಬಲ್ಲಿನ ವಿಳಾಸ, ಲೆಕ್ಸಿಂಗ್ಟನ್ ಅವೆನ್ಯೂನಾ, 63ನೇ ಬೀದಿನಾ ಅಂತ. ಆಮೇಲೆ ಹಾಡು ಮುಗಿಯುವ ಕಡೆ ಉಳಿಯುವ ನುಣುಪು ಜಾಗವನ್ನು ದೀಪಕ್ಕೆ ಓರೆಯಾಗಿ ಹಿಡಿದು, ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್‌ನ ಆರ್‌ವಿಜಿ ಗುರುತು ಹುಡುಕುತ್ತಾರೆ. ಅದರ ಹತ್ತಿರ ಕಿವಿಯ ಆಕಾರದ ಒಂದು ಗೀರು ಇರಬೇಕು. ಎಲ್‌ಪಿ ಅಚ್ಚು ಹಾಕುತ್ತಿದ್ದ ಪ್ಲಾಸ್ಟಿಲೈಟ್ ಅನ್ನುವ ಕಾರ್ಖಾನೆಯ ಇಂಗ್ಲಿಷ್ 'ಪಿ' ಅಕ್ಷರ ಅದು. ಇದ್ದರೆ 1966ಕ್ಕೆ ಮುಂಚಿನ ಪ್ರತಿ, ಬೆಲೆ ಗಗನಕ್ಕೆ. ಹದಿನೈದು ನಿಮಿಷ ಇದೇ ಪೂಜೆ. ಅಯ್ಯಾ, ಮುಳ್ಳು ಇಡಿ, ಕೇಳೋಣ!

ಹೀಗಂದರೂ ಆ ಹಟದಿಂದಲೇ ಎಷ್ಟೋ ಸಂಗೀತ ಉಳಿದಿದೆ ಅನ್ನುವುದನ್ನು ಮರೆಯಬಾರದು. ಟೀನಾ ಬ್ರೂಕ್ಸ್ ಅಂತ ಒಬ್ಬ ಟೆನರ್ ಸ್ಯಾಕ್ಸ್ ವಾದಕ ಇದ್ದ. ಹೆಸರು ನೋಡಿ ಹೆಣ್ಣು ಅಂದುಕೊಳ್ಳಬೇಡಿ, ಗಂಡಸು. ಬ್ಲೂ ನೋಟ್‌ಗೆ ತನ್ನ ಹೆಸರಲ್ಲಿ ನಾಲ್ಕು ರೆಕಾರ್ಡು ಮಾಡಿದ. ಬದುಕಿರುವಾಗ ಹೊರಬಂದದ್ದು ಒಂದೇ, 1960ರದ್ದು. ಇನ್ನೊಂದಕ್ಕೆ 4052 ಅಂತ ನಂಬರು ಕೊಟ್ಟು, ಪಟ್ಟಿಯಲ್ಲೂ ಸೇರಿಸಿ, ಕೊನೆಗೆ ತರಲೇ ಇಲ್ಲ. ಅಭಿಮಾನಿಗಳು ಆ ನಂಬರಿನ ರೆಕಾರ್ಡಿಗಾಗಿ ಅಂಗಡಿ ಅಂಗಡಿ ಅಲೆದರು. ಇಲ್ಲದ ರೆಕಾರ್ಡು ಎಲ್ಲಿ ಸಿಗಬೇಕು? ಅವನು 1974ರಲ್ಲಿ ತೀರಿಹೋದ. 1985ರಲ್ಲಿ ಮೊಸಾಯಿಕ್ ಅನ್ನುವ ಸಣ್ಣ ಕಂಪನಿ ನಾಲ್ಕನ್ನೂ ಒಂದು ಪೆಟ್ಟಿಗೆಯಲ್ಲಿ ತಂದಿತು. ಕೇಳಲು ಅವನಿರಲಿಲ್ಲ.

ಈಗ ಬೆಂಗಳೂರಿಗೆ ಬನ್ನಿ. ಪ್ರತಿ ಡಿಸೆಂಬರಿನಲ್ಲಿ ಬಂದಾಗ ಬಸವನಗುಡಿಯಲ್ಲಿ ಗೆಳೆಯನ ಮಾವನ ಮನೆಗೆ ಹೋಗುತ್ತೇನೆ. ಶನಿವಾರ ಸಂಜೆ ಐದಾರು ಜನ ಸೇರುತ್ತಾರೆ. ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ, ಒಬ್ಬರು ಫ್ರೇಜರ್ ಟೌನಿನ ಗಿಟಾರ್ ಮೇಷ್ಟ್ರು, ಉಳಿದವರು ನನ್ನ ವಯಸ್ಸಿನವರು. ರೆಕಾರ್ಡು ಸುತ್ತುತ್ತಾ ಇರುತ್ತದೆ, ಮಾತೂ ಸುತ್ತುತ್ತಾ ಇರುತ್ತದೆ, ಮಧ್ಯೆ ಚಕ್ಕುಲಿ ಮುರಿಯುವ ಸದ್ದು. ಯೊಕೊಹಾಮಾದ ಯಜಮಾನರು ಇದನ್ನು ನೋಡಿದರೆ ಎದೆ ಹಿಡಿದುಕೊಳ್ಳುತ್ತಾರೆ.

ಇಲ್ಲಿ ಒಂದು ಹೆಸರು ಎತ್ತಿದರೆ ಸಾಕು. 'ಸಾರ್, ಹಳೇ ಹಿಂದಿ ಹಾಡುಗಳಲ್ಲಿ ಟ್ರಂಪೆಟ್ ಯಾರದ್ದು ಗೊತ್ತಾ?' ಅಂತ ಮೇಷ್ಟ್ರು ಶುರು ಮಾಡಿದರೆ ಗೋವಾದಿಂದ ಬಂದ ಚಿಕ್ ಚಾಕೊಲೇಟ್ ಬರುತ್ತಾನೆ, ಅವನು ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಜೊತೆ ಕೆಲಸ ಮಾಡಿದ್ದು ಬರುತ್ತದೆ, 1930ರ ದಶಕದಲ್ಲಿ ಬಾಂಬೆ ತಾಜ್ ಹೋಟೆಲಿಗೆ ಬಂದ ಲಿಯೋನ್ ಅಬ್ಬೀ ಬ್ಯಾಂಡು ಬರುತ್ತದೆ, ಕಲ್ಕತ್ತಾದಲ್ಲಿ ಪಿಯಾನೊ ನುಡಿಸುತ್ತಾ ಅಲ್ಲೇ 1945ರಲ್ಲಿ ಕಾಲರಾ ಬಂದು ಸತ್ತ ಟೆಡ್ಡಿ ವೆದರ್‌ಫರ್ಡ್ ಬರುತ್ತಾನೆ. ಅಷ್ಟರಲ್ಲಿ ಬ್ಯಾಂಕ್ ಸಾಹೇಬರು, 'ಇಲ್ಲ ರೀ, ಆ ಹಾಡಲ್ಲಿ ಊದಿದ್ದು ಬೇರೆಯವರು, ನಮ್ಮ ಸೋದರಮಾವ ಕಂಟೋನ್ಮೆಂಟಿನ ಒಬ್ಬರಿಂದ ಕೇಳಿದ್ದು' ಅಂತಾರೆ. ವಾದ ಒಂದು ಗಂಟೆ. ಇನ್ನೊಂದು ರೌಂಡ್ ಕಾಫಿ. ತೀರ್ಪು ಮಾತ್ರ ಇಲ್ಲ.

ಮೊದಮೊದಲು ನನಗೆ ರೇಗುತ್ತಿತ್ತು. ಬರೆದದ್ದು ಎಲ್ಲಿದೆ ತೋರಿಸಿ ಸಾರ್ ಅಂತ ಜಪಾನಿ ಗತ್ತಿನಲ್ಲಿ ಕೇಳಿದ್ದೂ ಉಂಟು. ಈಗ ಅನ್ನಿಸುತ್ತದೆ, ಎಲ್ಲಿಂದ ತೋರಿಸಬೇಕು? ಸಿನಿಮಾ ಹಾಡಿನ ತಟ್ಟೆ ಮೇಲೆ ಹಾಡಿದವರ ಹೆಸರಿತ್ತು, ಸಂಗೀತ ನಿರ್ದೇಶಕರ ಹೆಸರಿತ್ತು. ಊದಿದವರ, ಬಾರಿಸಿದವರ ಹೆಸರು ಹಾಕುವ ರೂಢಿಯೇ ಇರಲಿಲ್ಲ. ಹೋಟೆಲ್ ಬ್ಯಾಂಡಿನವರು ಬಹಳಷ್ಟು ಜನ ರೆಕಾರ್ಡೇ ಮಾಡಲಿಲ್ಲ. ನಮ್ಮವರ ಹತ್ತಿರ ಬೆರಳಿಡಲು ಕವರೇ ಇಲ್ಲ. ಇರುವುದು ಸೋದರಮಾವನ ಬಾಯಿ ಮಾತು ಒಂದೇ. ಹಾಗಾಗಿ ನಾವು ಮಾತಾಡುವವರಾದೆವು, ಅವರು ಓದುವವರಾದರು.

ಕಿವಿ ವಿಷಯಕ್ಕೆ ಬಂದರೆ ನಮ್ಮವರೇನೂ ಕಡಿಮೆ ಇಲ್ಲ. ಯೊಕೊಹಾಮಾದ ಯಜಮಾನರ ಹತ್ತಿರ 2008ರ 'ಕಿನ್ಸ್‌ಮೆನ್' ಸಿಡಿ ಇದೆ. ರುದ್ರೇಶ್ ಮಹಂತಪ್ಪ, ಹೆಸರೇ ಹೇಳುತ್ತದಲ್ಲ ಬೇರು ಯಾವ ಕಡೆಯದು ಅಂತ, ಬೆಳೆದದ್ದು ಮಾತ್ರ ಅಮೆರಿಕದ ಕೊಲರಾಡೊದಲ್ಲಿ. ಅವನ ಜೊತೆ ನಮ್ಮ ಕದ್ರಿ ಗೋಪಾಲನಾಥ್. ಎರಡು ಸ್ಯಾಕ್ಸೋಫೋನು. ಅದರಲ್ಲಿ 'ಕಲ್ಯಾಣಿ' ಅಂತ ಒಂದು ಇದೆ, ಇದು ಯಾರ ಹೆಸರು ಅಂತ ಯಜಮಾನರು ಕೇಳಿದರು. ಹೆಂಗಸಿನ ಹೆಸರೂ ಹೌದು, ದೇವಸ್ಥಾನದ ಮುಂದಿನ ಕೊಳವೂ ಹೌದು, ಒಂದು ರಾಗವೂ ಹೌದು ಅಂದೆ. ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಅಂಗಡಿ ಖಾಲಿ ಇತ್ತು, ಚಾಮರಾಜಪೇಟೆಯ ಚಿಕ್ಕಮ್ಮನಿಗೆ ಫೋನ್ ಹಚ್ಚಿದೆ. ಏನು ಎತ್ತ ಹೇಳದೆ ಸ್ಪೀಕರ್ ಕಡೆ ಹಿಡಿದೆ. ಅರ್ಧ ನಿಮಿಷ ಆಗಿರಬೇಕು. 'ಕಲ್ಯಾಣಿ ಕಣೋ. ಒಬ್ಬರು ಕದ್ರಿ ಅಲ್ವಾ? ಇನ್ನೊಬ್ಬ ಯಾರೋ ಗೊತ್ತಿಲ್ಲಪ್ಪ, ಅವನ ದಾರಿ ಬೇರೆ ಇದೆ. ಇಡ್ತೀನಿ, ಹಾಲು ಉಕ್ತಾ ಇದೆ.' ಕವರ್ ನೋಡಿಲ್ಲ, ಜಾಝ್ ಅಂದರೇನು ಅಂತ ಕೇಳಿದರೆ ನಗುತ್ತಾರೆ. ಯಜಮಾನರಿಗೆ ಅನುವಾದ ಮಾಡಿ ಹೇಳಿದೆ. ಅವರು ಫೋನಿಗೆ ತಲೆಬಾಗಿ ನಮಸ್ಕಾರ ಮಾಡಿದರು. ಅದು ಆಗಲೇ ಕಟ್ಟಾಗಿತ್ತು.

ಇನ್ನೊಂದು ವಿಷಯದಲ್ಲೂ ನಮ್ಮವರ ಕೈ ಮೇಲು. ಬ್ಯಾಂಕ್ ಸಾಹೇಬರು ಪರಿಚಯವಾದ ಮೊದಲ ಸಂಜೆಯೇ, ನಾನು ಕೇಳದಿದ್ದರೂ, ಪಿಯಾನೊ ವಾದಕ ಸನ್ನಿ ಕ್ಲಾರ್ಕ್‌ನ ಒಂದು ಎಲ್‌ಪಿಯನ್ನು ಸೀರೆ ಅಂಗಡಿಯ ಕವರಿಗೆ ಹಾಕಿ ಕೊಟ್ಟರು. ವಾಪಸ್ ಯಾವಾಗ ಅಂತ ಕೇಳಲಿಲ್ಲ. ಯೊಕೊಹಾಮಾದಲ್ಲಿ ಹನ್ನೊಂದು ವರ್ಷದಲ್ಲಿ ನನಗೆ ಯಾರೂ ಒಂದು ರೆಕಾರ್ಡು ಎರವಲು ಕೊಟ್ಟಿಲ್ಲ, ನಾನು ಕೇಳುವ ಧೈರ್ಯವೂ ಮಾಡಿಲ್ಲ. ಹಾಗೆ ಕೊಟ್ಟು ಕೊಟ್ಟೇ ಸಾಹೇಬರ ಅರ್ಧ ಸಂಗ್ರಹ ಯಾರ ಯಾರ ಮನೆ ಅಟ್ಟದ ಮೇಲಿದೆಯೋ, ಅದು ಬೇರೆ ಮಾತು.

ನನ್ನ ತಕರಾರು ಒಂದೇ. ಬಾಯಿ ಮಾತು ಒಳ್ಳೆಯದೇ, ಆದರೆ ಬಾಯಿಗಳಿಗೆ ವಯಸ್ಸಾಗುತ್ತಿದೆ. ಗೊತ್ತಿಲ್ಲದವರನ್ನು ಉಳಿಸುವ ಕೆಲಸ ನಮಗೆ ಹೊಸದೇನಲ್ಲ. ಲಂಡನ್ನಿನಲ್ಲಿ ಬಡತನ, ಕಾಯಿಲೆಯಲ್ಲಿದ್ದ ರಷ್ಯದ ಮೆಟ್ನರ್ ಅನ್ನುವ ಸಂಗೀತಗಾರನ ಕೃತಿಗಳನ್ನು ಅವನ ಕೈಯಲ್ಲೇ ನುಡಿಸಿ ರೆಕಾರ್ಡು ಮಾಡಿಸಲು 1940ರ ದಶಕದಲ್ಲಿ ದುಡ್ಡು ಕೊಟ್ಟದ್ದು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು. ಅವನು ತನ್ನ ಮೂರನೇ ಪಿಯಾನೊ ಕನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. ಅದಕ್ಕೂ ಮೊದಲು ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್. 1902ರ ಆ ರೆಕಾರ್ಡುಗಳ ಕೊನೆಯಲ್ಲಿ 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ತಾನೇ ಕೂಗಿ ಹೇಳಿದಾಕೆ ತೀರಿಕೊಂಡದ್ದು 1930ರಲ್ಲಿ, ಮೈಸೂರಿನಲ್ಲಿ. ಆಕೆಗೆ ಗೊತ್ತಿತ್ತು ನೋಡಿ, ಹೆಸರು ತಟ್ಟೆಯ ಒಳಗೇ ಇರಬೇಕು ಅಂತ. ನಮ್ಮ ಕಂಟೋನ್ಮೆಂಟಿನ ಬ್ಯಾಂಡಿನವರಿಗೆ ಕೂಗಿ ಹೇಳಲು ತಟ್ಟೆಯೂ ಸಿಗಲಿಲ್ಲ.

ಹೋದ ಡಿಸೆಂಬರಿನಲ್ಲಿ ಗಾಂಧಿ ಬಜಾರಿನಲ್ಲಿ 200 ಪುಟದ ಒಂದು ನೋಟ್‌ಬುಕ್ ಕೊಂಡು, ಮಾವನ ಮನೆಯ ಟೀಪಾಯಿ ಮೇಲೆ ಇಟ್ಟು ಬಂದೆ. ಯಾರು ನುಡಿಸಿದರು, ಎಲ್ಲಿ, ನಿಮಗೆ ಯಾರು ಹೇಳಿದರು, ಇಷ್ಟು ಬರೆದರೆ ಸಾಕು ಅಂದೆ. ಎಲ್ಲರೂ ನಕ್ಕರು. ಮೊದಲ ತಿಂಗಳು ಅದರಲ್ಲಿ ಇದ್ದದ್ದು ಹಾಲಿನ ಲೆಕ್ಕ. ಮೊನ್ನೆ ಗೆಳೆಯ ಫೋಟೊ ಕಳಿಸಿದ. ಹದಿನಾಲ್ಕು ಪುಟ ತುಂಬಿದೆ. ಮೂರನೇ ಪುಟದಲ್ಲಿ ಮೇಷ್ಟ್ರು ನೀಲಿ ಇಂಕಿನಲ್ಲಿ ಬರೆದದ್ದನ್ನು ಬ್ಯಾಂಕ್ ಸಾಹೇಬರು ಕೆಂಪು ಇಂಕಿನಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ 'ಸುಳ್ಳು' ಅಂತ ಬರೆದು ಸಹಿ ಮಾಡಿದ್ದಾರೆ. ಅದರ ಕೆಳಗೆ ಮತ್ತೆ ನೀಲಿ ಇಂಕು: 'ನಿಮ್ಮ ಸೋದರಮಾವನ ಹೆಸರು, ವಿಳಾಸ ಬರೆಯಿರಿ.'