ರೆಡ್ ಏಲ್‌ನ ಕೆಂಪು ರಾಗಿಯದ್ದಲ್ಲ

'ಹುರಿದ ರಾಗಿ ಹಿಟ್ಟು ಹಾಕಿ, ಮನೆಯಲ್ಲೇ ಕೆಂಪು ಬಿಯರ್ ಮಾಡಿ, ಲೈಸೆನ್ಸ್ ಬೇಕಿಲ್ಲ' ಅಂತ ಒಂದು ಮೆಸೇಜ್ ನಮ್ಮ ಕೋಲಾರದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ರೆಡ್ ಏಲ್ ಅನ್ನುವ ಈ ಕೆಂಪು ಬಿಯರಿನ ಬಣ್ಣ ಬರುವುದು ಬಾರ್ಲಿಯಿಂದ. 5 ಲೀಟರಿಗೆ 25-30 ಗ್ರಾಂ ಕಪ್ಪಗೆ ಹುರಿದ ಬಾರ್ಲಿ, ಜೊತೆಗೆ ಸ್ವಲ್ಪ ಕ್ರಿಸ್ಟಲ್ ಮಾಲ್ಟ್ (ಮೊಳಕೆ ಬರಿಸಿ, ಒಳಗಿನ ಸಕ್ಕರೆ ಕಂದುವಂತೆ ಹುರಿದ ಬಾರ್ಲಿ) ಸಾಕು. ಜಾಸ್ತಿಯಾದರೆ ಕೆಂಪು ಹೋಗಿ ಕಂದಾಗುತ್ತದೆ. ಘಮ ಹಾಪ್ಸ್ ಅನ್ನುವ ಬಳ್ಳಿಯ ಹೂವಿನದು. ಒಂದು ಗಂಟೆ ಕುದಿಸಿದರೆ ಕಹಿ, ಕೊನೆಯ ಐದು ನಿಮಿಷಕ್ಕೆ ಹಾಕಿದರೆ ಪರಿಮಳ.

ರಾಗಿ ಕೆಲಸಕ್ಕೇ ಬಾರದು ಅಂತಲ್ಲ. ಮೊಳಕೆ ಬರಿಸಿದ ರಾಗಿಯಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಇರುತ್ತದೆ. ಹುರಿದರೆ ಅದು ಸತ್ತಂತೆ. ಸುಮ್ನೆ ನೋಡೋಣ ಅಂತ ಹುರಿದ ಹಿಟ್ಟನ್ನು ಬಿಸಿನೀರಲ್ಲಿ ಒಂದು ಗಂಟೆ ಇಟ್ಟೆ. ಆರಿದ ಮೇಲೆ ಒಂದು ಹನಿ ಟಿಂಚರ್ ಅಯೋಡಿನ್ ಬಿಟ್ಟರೆ ಕಪ್ಪು ನೀಲಿ! ಪಿಷ್ಟ ಹಾಗೇ ಇತ್ತು, ಹುದುಗಿ ಮದ್ಯವಾಗಲು ಬೇಕಾದ ಸಕ್ಕರೆ ಆಗಿರಲಿಲ್ಲ. ಅದು ಗಂಜಿ ಅಲ್ವಾ, ಬಿಯರ್ ಎಲ್ಲಿಂದ ಬರಬೇಕು?

ಇನ್ನು ಲೈಸೆನ್ಸ್. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. 'ಮನೆಮಟ್ಟಿಗೆ, ಬರೀ 5 ಲೀಟರ್' ಅಂದರೂ ಬಿಯರ್ ಮದ್ಯವೇ.