ಪೆಟ್ಟಿಗೆಯ ಹೆಸರು ಬೇರೆಯಾದರೆ ಔಷಧಿಯೂ ಬೇರೆಯೇ?

ಕುಡಿತ ಬಿಡಲು ವೈದ್ಯರು ಬರೆದ ಹೆಸರು ಪೆಟ್ಟಿಗೆಯ ಮೇಲೆ ಕಾಣದಿದ್ದರೆ ಆ ಮಾತ್ರೆ ನಕಲಿ ಎನ್ನುವ ಸಂದೇಶ ಆಗಾಗ ಮೊಬೈಲಿಗೆ ಬರುತ್ತಿರುತ್ತದೆ. ಕಳಿಸುವವರ ಕಾಳಜಿ ನಿಜವೇ, ಮಾಹಿತಿ ಮಾತ್ರ ತಪ್ಪು.

ಒಂದೇ ಔಷಧಿಗೆ ಎರಡು ಬಗೆಯ ಹೆಸರಿರುತ್ತದೆ. ಒಂದು ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು. ಕಂಪನಿಗೊಂದು, ದೇಶಕ್ಕೊಂದು ಇರಬಹುದು. ಇನ್ನೊಂದು ಜೆನೆರಿಕ್ ಹೆಸರು, ಅಂದರೆ ಒಳಗಿರುವ ಔಷಧಿಯದೇ ಹೆಸರು. ಇಂಥ ಅಂತರರಾಷ್ಟ್ರೀಯ ಹೆಸರುಗಳ ಮೊದಲ ಪಟ್ಟಿ ಬಂದದ್ದು 1953ರಲ್ಲಿ. ಅವಕ್ಕೆ ಒಂದು ಬಗೆಯ ವ್ಯಾಕರಣವೂ ಉಂಟು. ಕುಡಿತ ಬಿಡಲು ಕೊಡುವ ನಾಲ್ಟ್ರೆಕ್ಸೋನ್‌ನ ಮೊದಲಲ್ಲಿರುವ ‘ನಾಲ್’, ಅದು ಓಪಿಯಾಡ್‌ಗಳು (ಮಾರ್ಫೀನ್‌ನಂಥವು) ಅಂಟಿಕೊಳ್ಳುವ ದೇಹದ ಗ್ರಾಹಕಗಳ ಮೇಲೆ ಕೆಲಸ ಮಾಡುವ ಬಳಗದ್ದೆಂದು ಹೇಳುತ್ತದೆ. ನಾಲಾಕ್ಸೋನ್ ಕೂಡ ಅದೇ ಬಳಗ, ಆದರೆ ಓಪಿಯಾಡ್ ಮಿತಿಮೀರಿದಾಗ ತುರ್ತಾಗಿ ಕೊಡುವಂಥದ್ದು. ಹಾಗಾಗಿ ಅರ್ಧ ಹೆಸರು ಓದಿ ನಿಲ್ಲಿಸಬಾರದು.

ಪರೀಕ್ಷಿಸುವುದು ಕಷ್ಟವೇನಲ್ಲ. ಸ್ಟ್ರಿಪ್ ತಿರುಗಿಸಿ, ಬೆಳಕಿಗೆ ಹಿಡಿಯಿರಿ. ‘ನಾಲ್ಟ್ರೆಕ್ಸೋನ್ ಹೈಡ್ರೋಕ್ಲೋರೈಡ್ 50 ಮಿ.ಗ್ರಾಂ’ ಎಂಬಂಥ ಸಾಲು ಸಿಗುತ್ತದೆ. ಹೆಸರು, ಪ್ರಮಾಣ, ಮಾತ್ರೆಯೋ ಇಂಜೆಕ್ಷನ್ನೋ ಎಂಬುದು ಚೀಟಿಯೊಂದಿಗೆ ತಾಳೆಯಾದರೆ ಬೇರೆ ಬ್ರ್ಯಾಂಡ್ ಎಂಬ ಒಂದೇ ಕಾರಣಕ್ಕೆ ಅನುಮಾನ ಬೇಡ. ತಾಳೆಯಾಗದಿದ್ದರೆ ನುಂಗುವ ಮೊದಲು ಔಷಧಿ ಅಂಗಡಿಯವರನ್ನೋ ವೈದ್ಯರನ್ನೋ ಕೇಳಿ. ನಕಲಿ ಔಷಧಿಗಳು ಇಲ್ಲವೆಂದಲ್ಲ. ಬ್ರ್ಯಾಂಡ್ ಬದಲಾದದ್ದು ಅದಕ್ಕೆ ಸಾಕ್ಷಿಯಲ್ಲ, ಅಷ್ಟೇ.

ನನಗೆ ಹೆಚ್ಚು ಆತಂಕ ಇದರ ಉಲ್ಟಾ ತಪ್ಪಿನದು: ಎರಡು ಪೆಟ್ಟಿಗೆ, ಎರಡು ಹೆಸರು, ಒಳಗೆ ಒಂದೇ ಡೈಸಲ್ಫಿರಾಮ್ (ಕುಡಿತ ಬಿಡಲು ಕೊಡುವ ಇನ್ನೊಂದು ಔಷಧಿ). ಬೇರೆ ಬೇರೆ ಔಷಧಿಯೆಂದು ಎರಡನ್ನೂ ತೆಗೆದುಕೊಂಡರೆ ಡೋಸ್ ದುಪ್ಪಟ್ಟಾಗುತ್ತದೆ.