ಆಪರೇಷನ್‌ಗೆ ಹಿಂದಿನ ರಾತ್ರಿಯ ಬ್ಲೇಡು

ನೈಟ್ ಡ್ಯೂಟಿ ಮಾಡಿದ ನರ್ಸ್‌ಗಳಿಗೆಲ್ಲ ಈ ಹೊತ್ತು ಗೊತ್ತು. ರಾತ್ರಿ ಒಂಬತ್ತೂವರೆ. ಮರುದಿನ ಯಾರಿಗೆಲ್ಲ ಆಪರೇಷನ್ ಅನ್ನುವ ಒಟಿ ಲಿಸ್ಟ್ ಬಂದಿರುತ್ತದೆ. ಅಟೆಂಡರ್ ಅಣ್ಣ ಕಿಡ್ನಿ ಟ್ರೇಯಲ್ಲಿ ಸೋಪು ನೀರು, ಬ್ಲೇಡು ಇಟ್ಟುಕೊಂಡು 'ಪಾರ್ಟ್ ಪ್ರಿಪರೇಷನ್'ಗೆ, ಅಂದರೆ ಆಪರೇಷನ್ ಆಗುವ ಜಾಗದ ಕೂದಲು ತೆಗೆಯಲು ಹೊರಡುತ್ತಾರೆ. ಹರ್ನಿಯಾ ಆಪರೇಷನ್ ಆದರೆ ಹೊಟ್ಟೆಯಿಂದ ತೊಡೆಯವರೆಗೆ ಬೋಳಿಸುವುದು. ನಾನು ಹನ್ನೊಂದು ವರ್ಷ ಇದನ್ನು ಮಾಡಿಸಿದ್ದೇನೆ. ಕೇಸ್ ಶೀಟ್‌ನಲ್ಲಿ ಟಿಕ್ ಹಾಕಿ ಸಹಿಯನ್ನೂ ಮಾಡಿದ್ದೇನೆ.

ಒಂದು ರಾತ್ರಿ ಒಬ್ಬ ಅಜ್ಜ ಕೇಳಿದರು. "ಯಾಕವ್ವಾ, ಕೂದ್ಲಿದ್ರೆ ಗಾಯ ಮಾಯಲ್ವಾ?"

"ಇನ್‌ಫೆಕ್ಷನ್ ಆಗಬಾರದು ಅಂತ ಅಜ್ಜಾ" ಅಂದೆ. ಹೇಳುತ್ತಲೇ ಅವರ ಹೊಕ್ಕುಳ ಕೆಳಗೆ ಕಣ್ಣು ಹೋಯಿತು. ಬ್ಲೇಡು ತಾಗಿ ಕೂದಲೆಳೆಯಷ್ಟು ತೆಳ್ಳಗೆ ರಕ್ತದ ಗೀರು. ಒಂದಲ್ಲ, ಮೂರು. ಹತ್ತಿ ಒತ್ತಿ ಹಿಡಿದೆ. ಬೆಳಿಗ್ಗೆ ಮನೆಗೆ ಹೋದರೂ ನಿದ್ದೆ ಬರಲಿಲ್ಲ. ಫೋನ್ ಹಿಡಿದು ಹುಡುಕಲು ಕೂತೆ.

ಅಮೆರಿಕದಲ್ಲಿ 1971ರಲ್ಲೇ ಇಬ್ಬರು ಲೆಕ್ಕ ಹಾಕಿ ನೋಡಿದ್ದಾರೆ. ರೇಜರ್‌ನಿಂದ ಬೋಳಿಸಿದವರಲ್ಲಿ ಶೇ. 5.6 ಜನರ ಗಾಯಕ್ಕೆ ಸೋಂಕು. ಕೂದಲು ಹಾಗೇ ಬಿಟ್ಟವರಲ್ಲಿ, ಕ್ರೀಮ್ ಹಚ್ಚಿ ತೆಗೆದವರಲ್ಲಿ ಶೇ. 0.6 ಮಾತ್ರ. ನನ್ನನ್ನು ನಿಜಕ್ಕೂ ಚುಚ್ಚಿದ್ದು ಇದರ ಮುಂದಿನ ಸಾಲು. ಆಪರೇಷನ್‌ಗೆ ಸ್ವಲ್ಪ ಮುಂಚೆ ಬೋಳಿಸಿದರೆ ಶೇ. 3.1, ಹಿಂದಿನ 24 ಗಂಟೆಯೊಳಗೆ ಬೋಳಿಸಿದರೆ ಶೇ. 7.1, ಅದಕ್ಕೂ ಮೊದಲಾದರೆ ಶೇ. 20ಕ್ಕಿಂತ ಜಾಸ್ತಿ. ಆ ಸಣ್ಣ ಗೀರುಗಳಲ್ಲಿ ರಾತ್ರಿಯಿಡೀ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅಂದರೆ ನಮ್ಮ ರಾತ್ರಿ ಒಂಬತ್ತೂವರೆಯೇ ತಪ್ಪು ಹೊತ್ತು.

ಒಂದೇ ಅಧ್ಯಯನ ನಂಬಿ ಪದ್ಧತಿ ಬದಲಿಸಬಾರದು, ನಿಜ. ಇದರಲ್ಲಿ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿರಲಿಲ್ಲ. ಆದರೆ ಆಮೇಲೆ ಹಾಗೆ ಗುಂಪು ಮಾಡಿ ನಡೆಸಿದ ಪ್ರಯೋಗಗಳೂ ಬಂದವು. ಅವನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗಲೂ ರೇಜರ್‌ಗಿಂತ ಕ್ಲಿಪರ್‌ನಲ್ಲಿ (ಬೋಳಿಸದೆ ಕೂದಲನ್ನು ಗಿಡ್ಡಗೆ ಕತ್ತರಿಸುವ ಮೆಷಿನ್) ಸೋಂಕು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸ್ಪಷ್ಟವಾಗಿ ಹೇಳಿತು: ಕೂದಲು ತೆಗೆಯಬೇಡಿ, ತೆಗೆಯಲೇಬೇಕಾದರೆ ಕ್ಲಿಪರ್ ಬಳಸಿ, ಶೇವ್ ಮಾತ್ರ ಯಾವಾಗಲೂ ಬೇಡ.

ಹಾಗಾದರೆ ನಮಗೆ ಯಾಕೆ ಗೊತ್ತಾಗಲಿಲ್ಲ? ರಾತ್ರಿ ಬೋಳಿಸಿದವರು ಕೀವು ನೋಡುವುದಿಲ್ಲ. ರೋಗಿ ಡಿಸ್ಚಾರ್ಜ್ ಆಗಿ, ವಾರ ಬಿಟ್ಟು ಒಪಿಡಿಗೆ ಬಂದು ಡ್ರೆಸಿಂಗ್ ಮಾಡಿಸಿಕೊಳ್ಳುತ್ತಾರೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟವರು ನಮ್ಮಲ್ಲಿ ಯಾರೂ ಇಲ್ಲ.

ಕಾಲೇಜಿನಲ್ಲಿ ನಾವು ರಿಸರ್ಚ್ ಓದಿದ್ದೇವಲ್ಲ, ಅಲ್ವಾ? ಪ್ರಾಜೆಕ್ಟ್ ಕೂಡ ಮಾಡಿದ್ದೇವೆ. ಆದರೆ ನಾನು ನೋಡಿದ ಹತ್ತರಲ್ಲಿ ಎಂಟರ ಅಚ್ಚು ಒಂದೇ. ಒಂದು ವಿಷಯದ ಬಗ್ಗೆ ಪ್ರಶ್ನೆಪತ್ರಿಕೆ ಕೊಡುವುದು, ಪಾಠ ಮಾಡುವುದು, ಅದೇ ಪತ್ರಿಕೆ ಮತ್ತೆ ಕೊಡುವುದು. ಅಂಕ ಹೆಚ್ಚಾಗುತ್ತದೆ. ಪಾಠ ಮಾಡಿದರೆ ಅಂಕ ಹೆಚ್ಚಾಗದೆ ಇನ್ನೇನು! ಬೈಂಡ್ ಮಾಡಿಸಿ ಲೈಬ್ರರಿಯಲ್ಲಿಟ್ಟರೆ ಮುಗಿಯಿತು. ಆ ಹುಡುಗಿಯರ ತಪ್ಪಲ್ಲ ಇದು. ವಾರ್ಡ್‌ನಲ್ಲಿ ನಿಂತು "ಇದನ್ನು ಯಾಕೆ ಹೀಗೆ ಮಾಡ್ತೀವಿ?" ಅಂತ ಕೇಳಿದರೆ ನಾವು ಸೀನಿಯರ್‌ಗಳೇ "ಸುಮ್ನೆ ಹೇಳಿದ್ದು ಮಾಡು" ಅಂತೀವಿ. ನಾನೂ ಅಂದಿದ್ದೇನೆ. ಪ್ರತಿ ಮೇ 12ಕ್ಕೆ, ನರ್ಸ್‌ಗಳ ದಿನದಂದು, ದೀಪ ಹಚ್ಚಿ ಆಧುನಿಕ ನರ್ಸಿಂಗ್‌ಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ನೆನೆಯುತ್ತೇವೆ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಜಾಸ್ತಿ ರೋಗದಿಂದ ಸಾಯುತ್ತಿದ್ದಾರೆ ಅಂತ ಲೆಕ್ಕ ಇಟ್ಟು, ಚಿತ್ರ ಬರೆದು ಸರ್ಕಾರಕ್ಕೆ ತೋರಿಸಿದವರೂ ಅವರೇ. ಆ ಲೆಕ್ಕವನ್ನೇ ನಾವು ಮರೆತಿದ್ದೇವೆ.

ಇನ್‌ಚಾರ್ಜ್ ಸಿಸ್ಟರ್‌ಗೆ ಪ್ರಿಂಟ್ ತೆಗೆದು ಕೊಟ್ಟೆ. ಓದಿದರು. ಸರ್ಜನ್ ಹತ್ತಿರ ಅವರೇ ಮಾತಾಡಿದರು. ವಾರ್ಡ್‌ಗೆ ಎರಡು ಕ್ಲಿಪರ್ ಬಂದಿವೆ. ಪಕ್ಕದಲ್ಲೇ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇವೆ. ಯಾವ ಆಪರೇಷನ್, ಕೂದಲು ತೆಗೆದರೋ ಇಲ್ಲವೋ, ಯಾವುದರಿಂದ, ಎಷ್ಟು ಗಂಟೆಗೆ, ಮೂವತ್ತನೇ ದಿನ ಗಾಯ ಹೇಗಿದೆ. ಡಿಸ್ಚಾರ್ಜ್ ಆದವರಿಗೆ ನಾವೇ ಫೋನ್ ಮಾಡುತ್ತೇವೆ. ಸದ್ಯಕ್ಕೆ ಆರು ಪುಟ ತುಂಬಿದೆ.